ಡಿಪ್ಲಾಯ್ ಆಯ್ತು, ಲಾಗ್ ಎಲ್ಲಿ ಹೋಯ್ತು?

ಶಿರಸಿಯ ಒಂದು ಅಡಿಕೆ ವಖಾರಿಯ ಲೆಕ್ಕದ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಉಬುಂಟು ಸರ್ವರ್. ಮಳೆಗಾಲದ ಒಂದು ರಾತ್ರಿ ಸರ್ವರ್ ಕೆಲಸಗಳನ್ನು ತಾನೇ ಮಾಡಿಕೊಡುವ ಆನ್ಸಿಬಲ್ ಎಂಬ ಸಾಧನ ಬಳಸಿ ಲೆಕ್ಕದ ಪ್ರೋಗ್ರಾಂನ ಹೊಸ ಆವೃತ್ತಿ ಹಾಕಿದೆ, ಅಂದರೆ ಡಿಪ್ಲಾಯ್ ಮಾಡಿದೆ. ಬೆಳಿಗ್ಗೆ ನೋಡಿದರೆ ಪ್ರೋಗ್ರಾಂ ಓಡುತ್ತಿದೆ, ಅದರ ಆಗುಹೋಗು ದಾಖಲಾಗುವ ಲಾಗ್ ಫೈಲ್ ಮಾತ್ರ ಖಾಲಿ.

ನಿಮಗೂ ಹೀಗಾದರೆ ಥಟ್ಟನೆ ರೀಸ್ಟಾರ್ಟ್ ಮಾಡಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಒಂದು ಸಂದೇಶ ಕಳಿಸಿ ಅದರ ಬೆನ್ನು ಹತ್ತಿ. ಒಂದು ಕಿಟಕಿಯಲ್ಲಿ ‘ಜರ್ನಲ್‌ಸಿಟಿಎಲ್ -ಎಫ್’ ಓಡಿಸಿಡಿ, ಸಿಸ್ಟಂನ ಸಂದೇಶಗಳು ಸೇರುವ ಜರ್ನಲ್‌ಗೆ ಬಂದದ್ದೆಲ್ಲ ಆಗಿಂದಾಗಲೇ ಕಾಣುತ್ತದೆ. ಇನ್ನೊಂದರಲ್ಲಿ ‘ಲಾಗರ್’ ಕಮಾಂಡಿನಿಂದ ಸುಲಭಕ್ಕೆ ಕಣ್ಣಿಗೆ ಬೀಳುವ ಪದ ಕಳಿಸಿ. ನಾನು ‘ಚಾಲಿ’ ಎಂದು ಕಳಿಸಿದೆ, ಕಾಣಿಸಿತು. ಅಂದರೆ ಜರ್ನಲ್‌ವರೆಗೆ ದಾರಿ ಸರಿಯಿದೆ, ತೊಡಕು ಅದರಾಚೆ, ಸಂದೇಶಗಳನ್ನು ಲಾಗ್ ಫೈಲಿಗೆ ಬರೆಯುವ ಆರ್‌ಸಿಸ್‌ಲಾಗ್‌ನಲ್ಲಿ. ‘ಆರ್‌ಸಿಸ್‌ಲಾಗ್‌ಡಿ -ಎನ್1’ ಕೊಟ್ಟರೆ ಅದರ ಕಾನ್ಫಿಗ್‌ನಲ್ಲಿ ತಪ್ಪಿದೆಯೇ ಎಂದು ತಿಳಿಯುತ್ತದೆ. ನಮ್ಮದರಲ್ಲಿ ತಪ್ಪಿರಲಿಲ್ಲ.

ಈಗ ‘ಎಲ್‌ಎಸ್‌ಓಎಫ್ +ಎಲ್1’. ಹೆಸರು ಅಳಿಸಿಹೋದರೂ ಯಾವುದೋ ಪ್ರೋಗ್ರಾಂ ತೆರೆದೇ ಇಟ್ಟುಕೊಂಡ ಫೈಲುಗಳ ಪಟ್ಟಿ ಇದು. ನಮ್ಮ ಹಳೆಯ ಲಾಗ್ ಅಲ್ಲೇ ಇತ್ತು, ತೆರೆದಿಟ್ಟುಕೊಂಡದ್ದು ಆರ್‌ಸಿಸ್‌ಲಾಗ್! ವಖಾರಿಯಲ್ಲಿ ಯಾರೋ ಮೇಜಿನ ಮೇಲೆ ಹೊಸ ಕಿರ್ದಿ ಇಟ್ಟಿದ್ದಾರೆ, ಗುಮಾಸ್ತರು ತೊಡೆಯ ಮೇಲಿನ ಹಳೆಯದರಲ್ಲೇ ಬರೆಯುತ್ತಿದ್ದಾರೆ, ಹಾಗೆ. ಲಿನಕ್ಸ್‌ನಲ್ಲಿ ಹೆಸರು ಹೋದ ಮಾತ್ರಕ್ಕೆ ಫೈಲ್ ಸಾಯುವುದಿಲ್ಲ. ಅದನ್ನು ತೆರೆದ ಕೊನೆಯ ಪ್ರೋಗ್ರಾಂ ಮುಚ್ಚಿದಾಗ ಸಾಯುತ್ತದೆ. ಆರ್‌ಸಿಸ್‌ಲಾಗ್ ರೀಸ್ಟಾರ್ಟ್ ಮಾಡಿದ್ದರೆ ರಾತ್ರಿಯ ದಾಖಲೆಯೆಲ್ಲ ಹೋಗುತ್ತಿತ್ತು, ಅಲ್ವಾ? ಆ ಪಟ್ಟಿಯಲ್ಲಿ ಫೈಲ್ ತೆರೆದಿಟ್ಟ ಪ್ರೋಗ್ರಾಂನ ಪಿಐಡಿ (ಓಡುತ್ತಿರುವ ಪ್ರೋಗ್ರಾಂನ ಗುರುತು ಸಂಖ್ಯೆ) ಮತ್ತು ಎಫ್‌ಡಿ (ಅದು ತೆರೆದ ಫೈಲಿನ ಸಂಖ್ಯೆ) ಇರುತ್ತವೆ. ‘/ಪ್ರಾಕ್/ಪಿಐಡಿ/ಎಫ್‌ಡಿ/ಸಂಖ್ಯೆ’ಯಿಂದ ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಕಾಪಿ ಮಾಡಿ, ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ.

ತಪ್ಪು ನನ್ನದೇ. ಲಾಗ್ ಫೈಲ್ ಇರಲಿ ಅಂತ ಸುಮ್ನೆ ಪ್ಲೇಬುಕ್‌ನಲ್ಲಿ (ಆನ್ಸಿಬಲ್‌ಗೆ ಕೊಡುವ ಕೆಲಸಗಳ ಪಟ್ಟಿ) ‘ಕಾಪಿ’ ಮಾಡ್ಯೂಲ್‌ನಿಂದ ಖಾಲಿ ಫೈಲ್ ಇಡಿಸಿದ್ದೆ. ಆನ್ಸಿಬಲ್ ಫೈಲಿನೊಳಗೆ ಬರೆಯುವುದಿಲ್ಲ. ಹೊಸ ಫೈಲ್ ಮಾಡಿ ಹಳೆಯದರ ಜಾಗಕ್ಕೆ ತಂದಿಡುತ್ತದೆ.

ಆರ್‌ಸಿಸ್‌ಲಾಗ್‌ಗೆ ‘ಹಪ್’ ಸಿಗ್ನಲ್ ಕಳಿಸಿದರೆ ಅದು ಹೊಸ ಫೈಲ್ ತೆರೆಯುತ್ತದೆ. ಅದಕ್ಕೂ ಮೊದಲು ಆ ಹೊಸ ಫೈಲಿನ ಮಾಲೀಕ ಯಾರೆಂದು ನೋಡಿ. ಉಬುಂಟುವಿನಲ್ಲಿ ಆರ್‌ಸಿಸ್‌ಲಾಗ್ ಓಡುವುದು ‘ಸಿಸ್‌ಲಾಗ್’ ಬಳಕೆದಾರನ ಹೆಸರಿನಲ್ಲಿ. ಫೈಲ್ ರೂಟ್‌ನದಾಗಿದ್ದರೆ ಬರೆಯಲಾಗದು. ಮಾಲೀಕ ‘ಸಿಸ್‌ಲಾಗ್’, ಗುಂಪು ‘ಎಡಿಎಂ’, ಅನುಮತಿ 0640 ಮಾಡಿ, ಆಮೇಲೆ ‘ಹಪ್’ ಕಳಿಸಿ. ಇನ್ನೊಮ್ಮೆ ‘ಚಾಲಿ’ ಕಳಿಸಿ ನೋಡಿ.

ಪ್ಲೇಬುಕ್‌ನಲ್ಲಿ ‘ಕಾಪಿ’ ತೆಗೆದು ‘ಫೈಲ್’ ಮಾಡ್ಯೂಲ್‌ನ ‘ಟಚ್’ ಹಾಕಿ, ಇದು ಇದ್ದ ಫೈಲನ್ನೇ ಉಳಿಸುತ್ತದೆ. ಮುಂದಿನ ಡಿಪ್ಲಾಯ್‌ಗೆ ಮೊದಲೊಮ್ಮೆ, ಆಮೇಲೊಮ್ಮೆ ಲಾಗ್ ಫೈಲಿಗೆ ‘ಎಲ್‌ಎಸ್ -ಐ’ ಕೊಡಿ. ಐನೋಡ್ ಸಂಖ್ಯೆ (ಹೆಸರಿನ ಹಿಂದಿರುವ ಫೈಲಿನ ನಿಜವಾದ ಗುರುತು) ಎರಡು ಸಲವೂ ಒಂದೇ ಇದ್ದರೆ ಚಹಾ ಕುಡಿಯಲು ಎದ್ದು ಹೋಗಬಹುದು.