ಅರ್ಜಿ ಸಿಕ್ಕಿಹಾಕಿಕೊಂಡಿದ್ದು ಹಳೆ ಸಿಮ್‌ನಲ್ಲಿ

ಬೀದಿ ವ್ಯಾಪಾರಿಗಳಿಗಾಗಿ ಕೇಂದ್ರ ಸರ್ಕಾರ ತಂದ ಪಿಎಂ ಸ್ವನಿಧಿ ಯೋಜನೆಯ ಸಾಲಕ್ಕೆ ಅರ್ಜಿ ಹಾಕಲು ಕೂತರೆ ಆಧಾರ್ ಒಟಿಪಿ ಬರಲೇ ಇಲ್ಲ. ನೆಟ್‌ವರ್ಕ್ ಸರಿಯಿಲ್ಲ ಅಂತ ಎರಡು ದಿನ ಸುಮ್ನೆ ಫೋನ್ ನೋಡುತ್ತಾ ಕೂತೆ. ಆಧಾರ್‌ಗೆ ಜೋಡಿಸಿದ್ದು ಎಂದೋ ಬಿಸಾಕಿದ ಸಿಮ್‌ನ ನಂಬರ್! ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟು ಹೊಸ ನಂಬರ್ ಹಾಕಿಸಿದೆ.

ಮುಂದಿನ ತೊಡಕು ಗುರುತಿನ ಚೀಟಿ. ಬೀದಿ ವ್ಯಾಪಾರಿಗಳ ಸಮೀಕ್ಷೆ ನಡೆದಾಗ ನಾನು ಊರಲ್ಲಿರಲಿಲ್ಲ, ಹಾಗಾಗಿ ವ್ಯಾಪಾರಿಯ ಚೀಟಿ ಸಿಕ್ಕಿರಲಿಲ್ಲ. ಇಂಥವರಿಗೆ ನಗರಸಭೆ ಶಿಫಾರಸು ಪತ್ರ ಕೊಡುತ್ತದೆ ಅಂತ ಹೇಳಿದ್ದು ಪಕ್ಕದ ಗಾಡಿಯ ಹೂವಿನಕ್ಕ. ಕಚೇರಿಯ ಬೋರ್ಡಿಗಿಂತ ಅವರೇ ವಾಸಿ. ವ್ಯಾಪಾರಿಗಳ ಸಂಘದ ಸದಸ್ಯತ್ವದ ಕಾರ್ಡ್ ಲಗತ್ತಿಸಿ ಪೋರ್ಟಲ್‌ನಲ್ಲೇ ಪತ್ರ ಕೇಳಿದೆ. ಪತ್ರ ಬಂತು, ಹಿಂದೆಯೇ 10,000 ರೂಪಾಯಿ ಸಾಲವೂ ಬಂತು. 2025ರಲ್ಲಿ ಈ ಮೊದಲ ಸಾಲವನ್ನು 15,000ಕ್ಕೆ ಏರಿಸಿದ್ದಾರೆ. ಕಂತು ತಪ್ಪಿಸದಿದ್ದರೆ 7% ಬಡ್ಡಿ ಸಹಾಯಧನ ಖಾತೆಗೇ ಬೀಳುತ್ತದೆ.