ಎದೆ ಒತ್ತುವ ಕೈ ನಿಲ್ಲಬಾರದು: ತಾಲ್ಲೂಕು ಆಸ್ಪತ್ರೆ ಸಿಬ್ಬಂದಿಗೆ ಎಸಿಎಲ್‌ಎಸ್ ಕಲಿಸುವ ನನ್ನ ಕ್ರಮ

ಹೃದಯ ನಿಂತ ರೋಗಿಯನ್ನು ಉಳಿಸುವ ತರಬೇತಿ (ಎಸಿಎಲ್‌ಎಸ್) ಎಂದರೆ ಬಂದವರು ಮೊದಲು ಕೇಳುವುದು ಇಂಜೆಕ್ಷನ್ನುಗಳ ಡೋಸು, ಶಾಕ್ ಯಂತ್ರದ (ಡಿಫಿಬ್ರಿಲೇಟರ್) ಗುಂಡಿಗಳು, ಇಸಿಜಿ ಗೆರೆಗಳು. ತಾಲ್ಲೂಕು ಆಸ್ಪತ್ರೆಗಳ ವೈದ್ಯರು, ಸ್ಟಾಫ್ ನರ್ಸ್‌ಗಳು, ಆಂಬುಲೆನ್ಸ್ ಸಿಬ್ಬಂದಿಗೆ ಕಲಿಸುವಾಗ ಇವನ್ನೆಲ್ಲ ನಾನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುತ್ತೇನೆ. ಬೆಳಗಿನ ಹೊತ್ತು ಪೂರ್ತಿ ಒಂದೇ ವಿಷಯಕ್ಕೆ: ಎದೆ ಒತ್ತುವ ಕೈ ಎಲ್ಲೆಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ, ನಿಲ್ಲದಂತೆ ಏನು ಮಾಡಬೇಕು.

ಇದಕ್ಕೆ ಕಾರಣ ಹೃದಯ ಕೆಲಸ ಮಾಡುವ ರೀತಿಯಲ್ಲೇ ಇದೆ. ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ಬಡಿತವೊಂದಕ್ಕೆ ಸುಮಾರು 70 ಮಿ.ಲೀ. ರಕ್ತ ತಳ್ಳುತ್ತದೆ, ನಿಮಿಷಕ್ಕೆ 72 ಬಡಿತ ಹಿಡಿದರೆ 5 ಲೀಟರ್. ನಾವು ಎಷ್ಟೇ ಚೆನ್ನಾಗಿ ಎದೆ ಒತ್ತಿದರೂ ಹರಿಯುವುದು ಇದರ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ. ಅಷ್ಟರಲ್ಲೇ ಮಿದುಳೂ ಬದುಕಬೇಕು, ಹೃದಯದ ಸ್ನಾಯುವೂ ಬದುಕಬೇಕು. ಹೃದಯಕ್ಕೇ ರಕ್ತ ಕೊಡುವ ಕೊರೊನರಿ ನಾಳಗಳು ಮಹಾಪಧಮನಿಯ ಬುಡದಲ್ಲಿ, ಕವಾಟದ ಸ್ವಲ್ಪ ಮೇಲೆ ಹುಟ್ಟುತ್ತವೆ. ಎದೆ ಒತ್ತಿದಾಗ ಮಹಾಪಧಮನಿಯಲ್ಲೂ ಬಲ ಹೃತ್ಕರ್ಣದಲ್ಲೂ ಒತ್ತಡ ಒಟ್ಟಿಗೇ ಏರುವುದರಿಂದ ಆ ಕ್ಷಣ ಕೊರೊನರಿಗೆ ಹೋಗುವುದು ಅತ್ಯಲ್ಪ. ಎದೆ ಮರಳಿ ಪೂರ್ತಿ ಮೇಲೆ ಬಂದಾಗ ಎರಡೂ ಕಡೆಯ ಒತ್ತಡಗಳ ನಡುವೆ ವ್ಯತ್ಯಾಸ ಹುಟ್ಟುತ್ತದೆ. ರಕ್ತ ಹರಿಯುವುದು ಆಗ. ಈ ವ್ಯತ್ಯಾಸ ಕನಿಷ್ಠ 15 ಎಂಎಂ ಪಾದರಸ ಮುಟ್ಟದಿದ್ದರೆ ಹೃದಯ ಮತ್ತೆ ಬಡಿಯುವ ಸಾಧ್ಯತೆ ತೀರಾ ಕಡಿಮೆ. ಬೋರ್‌ವೆಲ್ ಕೈಪಂಪಿನಲ್ಲಿ ಮೊದಲ ಕೆಲವು ಸಲ ಒತ್ತಿದಾಗ ನೀರು ಬರುವುದಿಲ್ಲವಲ್ಲ, ಇಲ್ಲೂ ಹಾಗೇ: ಒತ್ತಡ ಕೂಡಿಬರಲು ಹಲವು ಒತ್ತುಗಳು ಬೇಕು, ಇಳಿದುಹೋಗಲು ಕೆಲವೇ ಸೆಕೆಂಡು ಸಾಕು. ಹತ್ತು ಸೆಕೆಂಡು ನಿಲ್ಲಿಸಿದವರು ಕಳೆದುಕೊಳ್ಳುವುದು ಬರೀ ಹತ್ತು ಸೆಕೆಂಡಲ್ಲ.

ಎದೆ ಕೊಯ್ಯದೆ ಹೊರಗಿನಿಂದಲೇ ಒತ್ತುವ ಈ ವಿಧಾನವನ್ನು 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಕೌವೆನ್‌ಹೋವೆನ್, ಜೂಡ್, ನಿಕ್ಕರ್‌ಬಾಕರ್ ಪ್ರಕಟಿಸಿದರು. ಆಮೇಲೆ ಎಷ್ಟೋ ಔಷಧಿಗಳು ಮಾರ್ಗಸೂಚಿಗೆ ಬಂದವು, ಹೋದವು. ಇಸಿಜಿಯ ನೇರ ಗೆರೆಗೆ, ಅಂದರೆ ಹೃದಯದ ವಿದ್ಯುತ್ತೇ ನಿಂತಾಗ, ಅಟ್ರೊಪಿನ್ ಕೊಡುವ ರೂಢಿ 2010ರಲ್ಲಿ ಕೈಬಿಟ್ಟುಹೋಯಿತು, ಸೋಡಾ ಬೈಕಾರ್ಬನ್ನು ಎಲ್ಲರಿಗೂ ಹಾಕುವ ಪದ್ಧತಿಯೂ ಹೋಯಿತು. ಒತ್ತುವ ಕೈ ಮಾತ್ರ ಉಳಿದುಕೊಂಡಿದೆ.

ಅಭ್ಯಾಸದ ಬೊಂಬೆಯನ್ನು (ಮ್ಯಾನಿಕಿನ್) ಮೊದಲು ನೆಲದ ಮೇಲೆ ಇಡುತ್ತೇನೆ, ಆಮೇಲೆ ವಾರ್ಡಿನ ಮಂಚದ ಮೇಲೆ. ಒಂದು ಬೊಂಬೆಗೆ ಮೂರು-ನಾಲ್ಕು ಜನ, ಅದಕ್ಕಿಂತ ಹೆಚ್ಚಾದರೆ ಉಳಿದವರು ನಿಂತು ನೋಡುತ್ತಾರೆ ಅಷ್ಟೆ. ಅಂಗೈಯ ಬುಡ ಎದೆಮೂಳೆಯ ಕೆಳ ಅರ್ಧದ ಮೇಲೆ, ಇನ್ನೊಂದು ಕೈ ಅದರ ಮೇಲೆ, ಬೆರಳುಗಳು ಪಕ್ಕೆಲುಬಿಗೆ ತಾಗದಂತೆ ಎತ್ತಿ. ಮೊಣಕೈ ನೇರ, ಭುಜ ಕೈಗಳ ನೇರಕ್ಕೆ, ಬಲ ಸೊಂಟದಿಂದ. ಆಳ 5 ಸೆಂ.ಮೀ.ಗಿಂತ ಕಡಿಮೆಯಾಗಬಾರದು, 6 ದಾಟಬಾರದು. ವೇಗ ನಿಮಿಷಕ್ಕೆ 100ರಿಂದ 120. ಮೊಬೈಲಿನಲ್ಲಿ ಮೆಟ್ರೊನೋಮ್ ಆ್ಯಪ್ ಹಾಕಿ 110ಕ್ಕೆ ಇಟ್ಟರೆ ಎರಡೂ ಕಡೆ ಸ್ವಲ್ಪ ಅವಕಾಶ ಸಿಗುತ್ತದೆ. ಮಂಚಕ್ಕೆ ಏರಿಸಿದ ಕೂಡಲೇ ಹಾಸಿಗೆಯ ಪಾತ್ರ ಗೊತ್ತಾಗುತ್ತದೆ: ಒತ್ತಿದ 5 ಸೆಂ.ಮೀ.ಯಲ್ಲಿ ಒಂದು ಪಾಲನ್ನು ಫೋಮ್ ನುಂಗಿಬಿಡುತ್ತದೆ, ಒತ್ತುವವರಿಗೆ ಅದು ತಿಳಿಯುವುದೇ ಇಲ್ಲ. ಬೆನ್ನಡಿ ಇಡುವ ಸಿಪಿಆರ್ ಬೋರ್ಡ್ ಇಲ್ಲದ ವಾರ್ಡಿನಲ್ಲಿ ಬೆನ್ನಿನಗಲದ ಗಟ್ಟಿ ಪ್ಲೈವುಡ್ ಹಲಗೆ ಸಾಕು. ಆದರೆ ಅದು ತುರ್ತು ಔಷಧಿ, ಸಲಕರಣೆಗಳ ಗಾಡಿಯ (ಕ್ರ್ಯಾಶ್ ಕಾರ್ಟ್) ಹಿಂಬದಿಯಲ್ಲೇ ಇರಬೇಕು. ಸ್ಟೋರಿನಿಂದ ತರಿಸುವುದಾದರೆ ಇದ್ದೂ ಇಲ್ಲದಂತೆ. ಕುಳ್ಳಗಿರುವ ಸಿಸ್ಟರ್‌ಗೆ ಕಾಲಡಿ ಮೆಟ್ಟಿಲು ಸ್ಟೂಲ್ ಬೇಕೇ ಬೇಕು, ಇಲ್ಲದಿದ್ದರೆ ಮೊಣಕೈ ಮಡಚುತ್ತದೆ, ಆಳ ಹೋಗುತ್ತದೆ.

30 ಸಲ ಒತ್ತಿ ಎರಡು ಉಸಿರು ಕೊಡುವುದು ಕ್ರಮ. ಆ ಎಣಿಕೆಯ ವಿಷಯದಲ್ಲಿ ನಮ್ಮವರಿಗೆ ಒಂದು ತೊಡಕಿದೆ. 110ರ ವೇಗದಲ್ಲಿ ಒಂದು ಒತ್ತಿಗೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಸಮಯ. ಒಂದು, ಎರಡು, ಮೂರು ಅದರೊಳಗೆ ಹಿಡಿಯುತ್ತವೆ. ಹದಿನೇಳು, ಇಪ್ಪತ್ತೆಂಟು, ಇಪ್ಪತ್ತೊಂಬತ್ತು ಹಿಡಿಯುವುದಿಲ್ಲ. ಬಾಯಿ ನಿಧಾನವಾದಂತೆ ಕೈಯೂ ನಿಧಾನವಾಗುತ್ತದೆ. ಆದ್ದರಿಂದ ಮೂವತ್ತರವರೆಗೆ ಎಣಿಸಲು ಬಿಡದೆ ಒಂದರಿಂದ ಹತ್ತನ್ನು ಮೂರು ಸಲ ಎಣಿಸಲು ಹೇಳುತ್ತೇನೆ. ಮೂರನೇ ಸುತ್ತಿನ ಎಂಟು, ಒಂಬತ್ತು, ಹತ್ತು ಜೋರಾಗಿ, ಉಸಿರು ಕೊಡಲು ಹಿಂಡುವ ಅಂಬು ಬ್ಯಾಗ್ ಹಿಡಿದವರಿಗೆ ಕೇಳುವಂತೆ.

ಮುಂದಿನ ದೋಷ ಒರಗುವುದು. ದಣಿದವರು ಎದೆಯ ಮೇಲೆ ಭಾರ ಬಿಟ್ಟೇ ಮುಂದಿನ ಒತ್ತಿಗೆ ಹೋಗುತ್ತಾರೆ, ಎದೆ ಪೂರ್ತಿ ಮೇಲೆ ಬರುವುದಿಲ್ಲ. ಕೊರೊನರಿಗೆ ರಕ್ತ ಹೋಗುವ ಹೊತ್ತನ್ನೇ ಇದು ಕಸಿಯುತ್ತದೆ, ಹೃದಯಕ್ಕೆ ಮರಳುವ ರಕ್ತವನ್ನೂ ತಡೆಯುತ್ತದೆ. ದಣಿವು ಒಂದು ನಿಮಿಷದಲ್ಲೇ ಆಳವನ್ನು ಕಡಿಮೆ ಮಾಡತೊಡಗುತ್ತದೆ, ಒತ್ತುವವರು ಮಾತ್ರ ತಾವು ಸರಿಯಾಗಿಯೇ ಒತ್ತುತ್ತಿದ್ದೇವೆ ಎಂದುಕೊಂಡಿರುತ್ತಾರೆ. ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಲೇಬೇಕು ಎನ್ನುವುದು ಇದಕ್ಕೇ. ಬದಲಾಗುವವರು ಮೊದಲೇ ಎದುರು ಬದಿಯಲ್ಲಿ ಕೈ ಸಿದ್ಧವಿಟ್ಟು ನಿಂತಿರಬೇಕು. ಪಕ್ಕೆಲುಬು ಮುರಿದ ಸದ್ದು ಬಂದರೆ ಕೈಯ ಜಾಗ ಸರಿಯಿದೆಯೇ ನೋಡಿಕೊಂಡು ಮುಂದುವರಿಸುವುದು, ಅದಕ್ಕೆ ನಿಲ್ಲಿಸುವುದಿಲ್ಲ.

ಉಸಿರಿನ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. 110ರ ವೇಗದಲ್ಲಿ 30 ಒತ್ತಿಗೆ 16 ಸೆಕೆಂಡು. ಎರಡು ಉಸಿರು 4 ಸೆಕೆಂಡಿನಲ್ಲಿ ಮುಗಿದರೆ ಒಟ್ಟು ಸಮಯದ 80 ಪ್ರತಿಶತ ಕೈ ಎದೆಯ ಮೇಲಿರುತ್ತದೆ. ಮಾಸ್ಕ್ ಸರಿಪಡಿಸುತ್ತಾ 10 ಸೆಕೆಂಡು ತೆಗೆದುಕೊಂಡರೆ ಅದೇ 62ಕ್ಕೆ ಇಳಿಯುತ್ತದೆ. ಒಬ್ಬರೇ ಒಂದು ಕೈಯಲ್ಲಿ ಮಾಸ್ಕ್, ಇನ್ನೊಂದರಲ್ಲಿ ಬ್ಯಾಗ್ ಹಿಡಿದರೆ ಗಾಳಿ ಸೋರುವುದು ಹೆಚ್ಚು. ಒಬ್ಬರು ಎರಡೂ ಕೈಯಲ್ಲಿ ಮಾಸ್ಕ್ ಒತ್ತಿ ದವಡೆ ಎತ್ತಿಹಿಡಿಯಲಿ, ಎದೆ ಒತ್ತುವವರೇ 30 ಮುಗಿಸಿ ಬ್ಯಾಗ್ ಹಿಂಡಲಿ. ಒಂದು ಉಸಿರಿಗೆ ಒಂದು ಸೆಕೆಂಡು, ಎದೆ ಏಳುವುದು ಕಂಡರೆ ಸಾಕು. ಬೇಕಿರುವುದು 500ರಿಂದ 600 ಮಿ.ಲೀ.; ವಯಸ್ಕರ ಬ್ಯಾಗನ್ನು ಪೂರ್ತಿ ಹಿಂಡಿದರೆ ಅದಕ್ಕಿಂತ ಎಷ್ಟೋ ಹೆಚ್ಚು ಹೋಗಿ ಹೊಟ್ಟೆ ಉಬ್ಬುತ್ತದೆ, ಅನ್ನ ಮೇಲೆ ಬರುತ್ತದೆ. ಶ್ವಾಸನಾಳಕ್ಕೆ ಟ್ಯೂಬ್ ಹಾಕಿದ ಮೇಲೆ ಒತ್ತುವುದು ನಿರಂತರ, ಉಸಿರು 6 ಸೆಕೆಂಡಿಗೊಂದು. ಗಾಬರಿಯಲ್ಲಿ ಎಲ್ಲರೂ ಬೇಗ ಬೇಗ ಹಿಂಡುತ್ತಾರೆ. ಎದೆಗೂಡಿನ ಒತ್ತಡ ಏರಿ ಹೃದಯಕ್ಕೆ ರಕ್ತ ಮರಳದಂತಾಗುವುದು ಆಗಲೇ. ಟ್ಯೂಬ್ ಹಾಕುವುದಕ್ಕಾಗಿ ಒತ್ತುವುದನ್ನು ನಿಲ್ಲಿಸುವುದು ಹಿರಿಯ ವೈದ್ಯರಲ್ಲೂ ಕಾಣುವ ಅಭ್ಯಾಸ. ಬ್ಯಾಗ್‌ನಿಂದ ಎದೆ ಏಳುತ್ತಿದ್ದರೆ ಟ್ಯೂಬಿಗೆ ಅವಸರವಿಲ್ಲ.

ಶುರು ಮಾಡುವ ಮೊದಲೇ ಆಗುವ ತಡವೂ ತಡವೇ. ಹೃದಯ ನಿಂತವರಲ್ಲಿ ಹಲವರು ಮೊದಲ ನಿಮಿಷಗಳಲ್ಲಿ ಬಾಯಿ ತೆರೆದು, ತಡೆತಡೆದು ಒಂದೊಂದು ಉಸಿರೆಳೆಯುತ್ತಾರೆ. ಉಸಿರಿದೆ ಎಂದು ಕಾಯುತ್ತಾ ಕೂತರೆ ರೋಗಿ ಕೈತಪ್ಪುತ್ತಾರೆ. ಕರೆದರೆ ಓಗೊಡುತ್ತಿಲ್ಲ, ಉಸಿರು ಸಹಜವಾಗಿಲ್ಲ, ಕತ್ತಿನ ನಾಡಿ 10 ಸೆಕೆಂಡಿನೊಳಗೆ ಖಚಿತವಾಗಿ ಸಿಗಲಿಲ್ಲ ಎಂದರೆ ಒತ್ತತೊಡಗಬೇಕು. ಆಸ್ಪತ್ರೆಯವರಲ್ಲದವರಿಗೆ ನಾಡಿ ನೋಡುವುದನ್ನೂ ಬಾಯಿಗೆ ಬಾಯಿಟ್ಟು ಊದುವುದನ್ನೂ ಕಲಿಸುವುದಿಲ್ಲ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಒತ್ತುವುದಷ್ಟೇ. ಭಾರತೀಯ ಅರಿವಳಿಕೆ ತಜ್ಞರ ಸಂಘ ಜನಸಾಮಾನ್ಯರಿಗಾಗಿ ಬೆಳೆಸಿರುವ ಕಾಲ್ಸ್ (ಎದೆ ಒತ್ತುವುದಷ್ಟನ್ನೇ ಕಲಿಸುವ) ತರಬೇತಿಯೂ ಇಷ್ಟನ್ನೇ ಹೇಳುತ್ತದೆ. ನೀರಿನಲ್ಲಿ ಮುಳುಗಿದವರಿಗೆ ಮಾತ್ರ ಉಸಿರು ಮೊದಲು.

ಮಧ್ಯಾಹ್ನ ಶಾಕ್. ಎರಡು ಲಯಗಳಿಗೆ ಮಾತ್ರ ಶಾಕ್ ಕೆಲಸ ಮಾಡುತ್ತದೆ: ವಿಎಫ್ (ಹೃದಯ ಹಿಂಡದೆ ಬರೀ ಅದುರುವುದು) ಮತ್ತು ನಾಡಿಯಿಲ್ಲದ ವಿಟಿ (ಹೃದಯದ ಕೆಳ ಕೋಣೆಗಳ ಅತಿ ವೇಗದ ಬಡಿತ). ನೇರ ಗೆರೆಗೆ ಇಲ್ಲ. ಗೆರೆ ನೇರವಾಗಿ ಕಂಡರೆ ಲೀಡ್ (ಇಸಿಜಿ ತಂತಿ) ಕಳಚಿದೆಯೇ, ಗೇನ್ (ಗೆರೆಯ ಎತ್ತರ ಹೆಚ್ಚಿಸುವ ಸೆಟ್ಟಿಂಗ್) ಕಡಿಮೆಯಿದೆಯೇ, ಬೇರೆ ಲೀಡಿನಲ್ಲಿ ಸಣ್ಣ ವಿಎಫ್ ಇದೆಯೇ ನೋಡಬೇಕು, ಒತ್ತುತ್ತಲೇ. ಮಾನಿಟರಿನಲ್ಲಿ ಅಚ್ಚುಕಟ್ಟಾದ ಲಯ ಓಡುತ್ತಿದ್ದು ನಾಡಿ ಇಲ್ಲದಿದ್ದರೆ ಅದು ಪಿಇಎ. ಅದನ್ನು ಕಂಡು ಕೈ ತೆಗೆಯುವುದು ಎಲ್ಲ ಬ್ಯಾಚ್‌ಗಳಲ್ಲೂ ಕಾಣುವ ತಪ್ಪು. ಹೃದಯದ ವಿದ್ಯುತ್ತು ಬೇರೆ, ಹೃದಯ ಹಿಂಡುವುದು ಬೇರೆ. ಮಾನಿಟರ್ ತೋರಿಸುವುದು ಮೊದಲನೆಯದನ್ನು ಮಾತ್ರ.

ವಿದ್ಯುತ್ತು ಎರಡೂ ದಿಕ್ಕಿಗೆ ಹರಿಯುವ ಬೈಫೇಸಿಕ್ ಯಂತ್ರದಲ್ಲಿ ತಯಾರಕರು ಹೇಳಿದಷ್ಟು, ಸಾಮಾನ್ಯವಾಗಿ 120ರಿಂದ 200 ಜೂಲ್. ಗೊತ್ತಿಲ್ಲದಿದ್ದರೆ ಯಂತ್ರದ ಗರಿಷ್ಠ. ಒಂದೇ ದಿಕ್ಕಿಗೆ ಹರಿಯುವ ಹಳೆಯ ಮೊನೊಫೇಸಿಕ್‌ಗೆ 360. ಮಕ್ಕಳಿಗೆ ಮೊದಲು ಕಿಲೋಗೆ 2 ಜೂಲ್, ಆಮೇಲೆ 4. ಶಾಕ್ ಕೊಡುವ ಪ್ಯಾಡಲ್‌ಗಳಿಗೆ ಜೆಲ್ಲಿ ಧಾರಾಳವಾಗಿ ಹಚ್ಚಿ ಒಂದನ್ನು ಬಲ ಕಾಲರ್ ಮೂಳೆಯ ಕೆಳಗೆ, ಇನ್ನೊಂದನ್ನು ಎಡ ಕಂಕುಳಿನ ಕೆಳಗೆ ಪಕ್ಕಕ್ಕೆ ಇಟ್ಟು ಸುಮಾರು 8 ಕಿಲೋ ಬಲ ಹಾಕಿ ಒತ್ತಬೇಕು. ಎರಡು ಪ್ಯಾಡಲ್ ನಡುವೆ ಜೆಲ್ಲಿ ಹರಿದು ಸೇರಿಕೊಂಡರೆ ವಿದ್ಯುತ್ತು ಚರ್ಮದ ಮೇಲೇ ಓಡುತ್ತದೆ. ಬೆವರು ಒರೆಸಿ. ತಾಳಿ, ಸರ ಇದ್ದರೆ ಪ್ಯಾಡಲ್ ದಾರಿಯಿಂದ ಪಕ್ಕಕ್ಕೆ ಸರಿಸಿದರೆ ಸಾಕು, ಬಿಚ್ಚುವ ಕೆಲಸಕ್ಕೆ ಇಳಿಯಬೇಡಿ. ಹೆಣ್ಣುಮಕ್ಕಳ ರವಿಕೆ ಕತ್ತರಿಸಲು ಹಿಂಜರಿದು ಬಟ್ಟೆಯ ಮೇಲೇ ಪ್ಯಾಡಲ್ ಇಡಲು ಹೋಗುವುದುಂಟು. ಅದಕ್ಕೇ ಬೊಂಬೆಗೆ ರವಿಕೆ ತೊಡಿಸಿ, ಕತ್ತರಿಯಲ್ಲಿ ಮುಂಭಾಗ ಸೀಳಿ, ಕೆಲಸವಾದ ಕೂಡಲೇ ಬಟ್ಟೆ ಹೊದಿಸುವುದರವರೆಗೆ ಪ್ರತಿಯೊಬ್ಬರಿಂದಲೂ ಮಾಡಿಸುತ್ತೇನೆ. ಆಕ್ಸಿಜನ್ ಮಾಸ್ಕ್ ಒಂದು ಮೀಟರ್ ದೂರ ಹೋಗಲಿ.

ಯಂತ್ರ ಚಾರ್ಜ್ ಆಗುವಾಗ ಎದೆ ಒತ್ತುತ್ತಲೇ ಇರಬೇಕು. ಸಿದ್ಧವಾದ ಮೇಲಷ್ಟೇ "ಎಲ್ಲರೂ ದೂರ", ಶಾಕ್, ತಕ್ಷಣ ಮತ್ತೆ ಕೈ ಎದೆಗೆ. ನಾಡಿ ನೋಡುವುದಿಲ್ಲ, ಮಾನಿಟರ್ ನೋಡುವುದಿಲ್ಲ. ಲಯ ಸರಿಹೋಗಿದ್ದರೂ ಹೃದಯ ತಕ್ಷಣ ರಕ್ತ ತಳ್ಳುವಷ್ಟು ಚೇತರಿಸಿರುವುದಿಲ್ಲ, ಆ ಎರಡು ನಿಮಿಷ ನಮ್ಮ ಕೈಯೇ ಅದಕ್ಕೆ ಆಧಾರ. ಗುಂಡಿ ಒತ್ತಿದರೂ ಶಾಕ್ ಹೋಗದಿದ್ದರೆ ಮೊದಲು ಸಿಂಕ್ ಬಟನ್ ನೋಡಿ. ಸಿಂಕ್ ಆನ್ ಇದ್ದರೆ ಯಂತ್ರ ಆರ್ ಅಲೆಗಾಗಿ (ಇಸಿಜಿಯಲ್ಲಿ ಪ್ರತಿ ಬಡಿತದ ಎತ್ತರದ ಮೊನೆ) ಕಾಯುತ್ತದೆ, ವಿಎಫ್‌ನಲ್ಲಿ ಆ ಅಲೆ ಇರುವುದೇ ಇಲ್ಲ.

ಔಷಧಿ ಎರಡೇ ಮುಖ್ಯ. ಅಡ್ರಿನಲಿನ್ 1 ಎಂಜಿ, ಅಂದರೆ 1 ಮಿ.ಲೀ.ಯ ಒಂದು ಆಂಪ್ಯೂಲ್, 3ರಿಂದ 5 ನಿಮಿಷಕ್ಕೊಮ್ಮೆ. ಶಾಕ್ ಬೇಡದ ಲಯಗಳಲ್ಲಿ ಐವಿ (ರಕ್ತನಾಳಕ್ಕೆ ಸೂಜಿ) ಸಿಕ್ಕ ಕೂಡಲೇ. ಶಾಕ್ ಬೇಕಾದಲ್ಲಿ ಎರಡನೇ ಶಾಕ್ ಆದ ಮೇಲೆ. ಹಿಂದೆಯೇ 20 ಮಿ.ಲೀ. ಎನ್‌ಎಸ್ (ಸಲೈನ್) ತಳ್ಳಿ ಕೈ ಮೇಲೆತ್ತಿ ಹಿಡಿಯದಿದ್ದರೆ ಔಷಧಿ ಮೊಣಕೈಯಲ್ಲೇ ಉಳಿಯುತ್ತದೆ. ಮೂರನೇ ಶಾಕ್‌ಗೂ ಬಗ್ಗದ ವಿಎಫ್‌ಗೆ ಅಮಿಯೊಡರೋನ್ 300 ಎಂಜಿ. ನಮ್ಮಲ್ಲಿ ಸಿಗುವುದು 150ರ ಆಂಪ್ಯೂಲ್, ಆದ್ದರಿಂದ ಎರಡು ಒಡೆಯಬೇಕು. ಎರಡನೇ ಡೋಸಿಗೆ ಒಂದು. ಬೇಗ ಎಳೆದರೆ ಸಿರಿಂಜಿನಲ್ಲಿ ನೊರೆ ತುಂಬುತ್ತದೆ, ದಪ್ಪ ಸೂಜಿಯಲ್ಲಿ ನಿಧಾನವಾಗಿ ಎಳೆಯಿರಿ. ಕ್ಯಾಲ್ಸಿಯಂ ಮತ್ತು ಬೈಕಾರ್ಬನ್ನು ಒಂದೇ ಲೈನಿನಲ್ಲಿ ಫ್ಲಶ್ ಇಲ್ಲದೆ ಹಾಕಿದರೆ ಬಿಳಿ ಗಸಿ ಕಟ್ಟಿ ಲೈನ್ ಮುಚ್ಚಿಹೋಗುತ್ತದೆ.

ಒತ್ತುತ್ತಿರುವಾಗಲೇ ಟೀಮ್ ಲೀಡರ್ ಕಾರಣ ಹುಡುಕಬೇಕು. ಪುಸ್ತಕದ ಪಟ್ಟಿ ಉದ್ದವಿದೆ. ನಮ್ಮ ತಾಲ್ಲೂಕುಗಳಲ್ಲಿ ಮೊದಲು ಯೋಚಿಸಬೇಕಾದವು ಬೇರೆ. ಡಯಾಲಿಸಿಸ್ ತಪ್ಪಿಸಿಕೊಂಡವರಲ್ಲಿ ಏರಿದ ಪೊಟ್ಯಾಸಿಯಂ: 10 ಪ್ರತಿಶತದ ಕ್ಯಾಲ್ಸಿಯಂ ಗ್ಲುಕೋನೇಟ್ 30 ಮಿ.ಲೀ. ಕಟ್ಟುಹಾವು ಕಚ್ಚಿದವರಲ್ಲಿ ಉಸಿರಿನ ಸ್ನಾಯು ಸೋತು ಆಕ್ಸಿಜನ್ ಕೊರತೆ; ಕಣ್ಣುಪಾಪೆ ಅಗಲವಾಗಿ ನಿಂತಿದ್ದರೂ ಮಿದುಳು ಸತ್ತಿದೆ ಎಂದು ತೀರ್ಮಾನಿಸಬೇಡಿ. ಕ್ರಿಮಿನಾಶಕ ಕುಡಿದವರು. ಹೆರಿಗೆಯ ನಂತರದ ರಕ್ತಸ್ರಾವ. ಗರ್ಭಕೋಶ ಹೊಕ್ಕುಳ ಮಟ್ಟ ದಾಟಿದ ಗರ್ಭಿಣಿಯಾದರೆ ಒಬ್ಬರು ಹೊಟ್ಟೆಯನ್ನು ಎಡಕ್ಕೆ ತಳ್ಳಿ ಹಿಡಿದೇ ಇರಬೇಕು, ಇಲ್ಲದಿದ್ದರೆ ಕೆಳಗಿನ ದೊಡ್ಡ ಅಭಿಧಮನಿ ಒತ್ತಿಹೋಗಿ ರಕ್ತ ಮೇಲೆ ಬರುವುದಿಲ್ಲ.

ಕೊನೆಯ ಡ್ರಿಲ್ 10 ನಿಮಿಷ, ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು. ಗಡಿಯಾರವನ್ನು ತಂಡದ ಅತಿ ಕಿರಿಯರ ಕೈಗೆ ಕೊಡುತ್ತೇನೆ, ಹೆಚ್ಚಾಗಿ ಹೊಸದಾಗಿ ಸೇರಿದ ಸಿಸ್ಟರ್‌ಗೆ. "ಸರ್, ಕೈ ನಿಂತು ಎಂಟು ಸೆಕೆಂಡಾಯ್ತು" ಎಂದು ಹಿರಿಯ ವೈದ್ಯರಿಗೆ ಗಟ್ಟಿಯಾಗಿ ಹೇಳುವುದು ಅವರ ಕೆಲಸ. ಮೊದಮೊದಲು ಧ್ವನಿ ಹೊರಡುವುದಿಲ್ಲ. ಡಾಕ್ಟರೇ ಮೊದಲಿಗೆ "ಸಿಸ್ಟರ್, ನೀವು ಹೇಳಿದಾಗ ನಾನು ಕೈ ಇಡ್ತೀನಿ" ಎಂದು ಎಲ್ಲರೆದುರು ಹೇಳಿಬಿಟ್ಟರೆ ಹೊರಡುತ್ತದೆ. ಔಷಧಿ ಆದೇಶಕ್ಕೂ ಮರುನುಡಿ ಕಡ್ಡಾಯ: "ಅಡ್ರಿನಲಿನ್ ಒಂದು ಎಂಜಿ ಕೊಡಿ" ಎಂದರೆ "ಅಡ್ರಿನಲಿನ್ ಒಂದು ಎಂಜಿ ಕೊಟ್ಟೆ ಸರ್, ಫ್ಲಶ್ ಆಯ್ತು". ವಿಡಿಯೋ ನೋಡಿ ಕೈ ನಿಂತ ಸೆಕೆಂಡುಗಳನ್ನೆಲ್ಲ ಕೂಡುತ್ತೇವೆ. 10 ನಿಮಿಷದಲ್ಲಿ ಅದು 120 ದಾಟಬಾರದು. ದಾಟಿದರೆ ಎಲ್ಲಿ ಹೋಯಿತೆಂದು ಬರೆದು ಅದೇ ಭಾಗವನ್ನು ಮತ್ತೆ ಮಾಡುತ್ತೇವೆ, ಪೂರ್ತಿ ಡ್ರಿಲ್ ಅಲ್ಲ.

ನಾಡಿ ಮರಳಿದ ಮೇಲೆ 12 ಲೀಡ್ ಇಸಿಜಿಗೆ ಕೆಲವು ನಿಮಿಷ ಕಾಯುವುದು ಒಳ್ಳೆಯದು. ತೀರಾ ಬೇಗ ತೆಗೆದರೆ ಹೃದಯಾಘಾತದ ಗುರುತಾದ ಎಸ್‌ಟಿ ಏರಿಕೆ ಸುಳ್ಳಾಗಿಯೂ ಕಾಣಬಹುದು. ಸಿಸ್ಟಾಲಿಕ್ ಬಿಪಿ 90ರ ಮೇಲೆ ಉಳಿಸಿಕೊಳ್ಳಬೇಕು. ಹೃದಯಾಘಾತವೇ ಕಾರಣವೆಂದು ಕಂಡರೆ, ಡಾ. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿಯನ್ನು ಹಬ್ ಆಸ್ಪತ್ರೆಗೆ (ಹೃದ್ರೋಗ ತಜ್ಞರಿರುವ ದೊಡ್ಡ ಆಸ್ಪತ್ರೆ) ಕಳಿಸಿ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಬಗ್ಗೆ ಅವರೊಂದಿಗೇ ನಿರ್ಧರಿಸಬೇಕು. ಎಷ್ಟು ನಿಮಿಷ ಎದೆ ಒತ್ತಿದ್ದೇವೆ ಎಂಬುದನ್ನು ಮರೆಯದೆ ಹೇಳಬೇಕು, ದೀರ್ಘ ಸಿಪಿಆರ್ ನಂತರ ರಕ್ತಸ್ರಾವದ ಅಪಾಯ ಹೆಚ್ಚು.

ಕಲಿತ ಕೈ ಮೂರರಿಂದ ಆರು ತಿಂಗಳಲ್ಲಿ ಮರೆಯತೊಡಗುತ್ತದೆ. ಎರಡು ವರ್ಷಕ್ಕೊಮ್ಮೆ ಸರ್ಟಿಫಿಕೇಟ್ ನವೀಕರಿಸಿದರೆ ಸಾಲದು. ಬೊಂಬೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಬದಲು ಕ್ಯಾಶುವಾಲ್ಟಿ ಪಕ್ಕದಲ್ಲೇ ಇಡಿಸುತ್ತೇನೆ. ಪ್ರತಿಯೊಬ್ಬರೂ ತಿಂಗಳಿಗೊಮ್ಮೆ ಡ್ಯೂಟಿ ಶುರುವಾಗುವಾಗ ಎರಡು ನಿಮಿಷ ಒತ್ತಿ, ಮುಖ ಮತ್ತು ಎದೆಯನ್ನು ಸ್ಪಿರಿಟ್‌ನಿಂದ ಒರೆಸಿ, ರಿಜಿಸ್ಟರಿನಲ್ಲಿ ಸಹಿ ಹಾಕುತ್ತಾರೆ. ಅದೇ ರಿಜಿಸ್ಟರಿನ ಎದುರು ಪುಟದಲ್ಲಿ ಡಿಫಿಬ್ರಿಲೇಟರಿನ ದಿನದ ತಪಾಸಣೆ: ಪ್ಲಗ್ ಹಾಕಿದೆಯೇ, ಬ್ಯಾಟರಿ ಎಷ್ಟಿದೆ, ಟೆಸ್ಟ್ ಶಾಕ್ ಆಯಿತೇ, ಜೆಲ್ಲಿ ಇದೆಯೇ, ಪೇಪರ್ ರೋಲ್ ಇದೆಯೇ, ಸಿಂಕ್ ಆಫ್ ಇದೆಯೇ, ಕ್ರ್ಯಾಶ್ ಕಾರ್ಟಿನ ಬೀಗದ ಕೈ ಈ ಪಾಳಿಯಲ್ಲಿ ಯಾರ ಹತ್ತಿರ ಇದೆ.