ಎಣ್ಣೆ ಬಿದ್ದ ಕಡಲತೀರಕ್ಕೆ ಗೊಬ್ಬರ ಹಾಕುವುದು ಹೇಗೆ?

ಕಡಲಿಗೆ ಕಚ್ಚಾ ತೈಲ ಸೋರಿದ ಸುದ್ದಿ ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಇವೆಯಂತಲ್ಲ, ಅವನ್ನು ತಂದು ಸುರಿದರೆ ಆಗಲ್ವಾ?

ಸುರಿಯಬೇಕಾದ್ದೇ ಇಲ್ಲ, ಅವು ಅಲ್ಲೇ ಇವೆ. ಕಡಲ ತಳದ ಬಿರುಕುಗಳಿಂದ ಎಣ್ಣೆ ತಾನಾಗಿಯೇ ಜಿನುಗುತ್ತಿರುತ್ತದೆ. ವರ್ಷಕ್ಕೆ ಸುಮಾರು 6 ಲಕ್ಷ ಟನ್ ಎಂದು ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2003ರಲ್ಲಿ ಅಂದಾಜು ಮಾಡಿತ್ತು. ಅದನ್ನು ತಿಂದು ಬದುಕುವ ಜೀವಿಗಳು ಎಷ್ಟೋ ಕಾಲದಿಂದ ಕಡಲಲ್ಲಿವೆ. ಅವುಗಳಲ್ಲಿ ಹೆಸರುವಾಸಿಯಾದದ್ದು ಆಲ್ಕನಿವೋರಾಕ್ಸ್ ಬೋರ್ಕುಮೆನ್ಸಿಸ್. ಉತ್ತರ ಸಮುದ್ರದಲ್ಲಿ ಸಿಕ್ಕ ಇದಕ್ಕೆ 1998ರಲ್ಲಿ ಹೆಸರಿಟ್ಟರು. ಶುದ್ಧ ನೀರಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಎಣ್ಣೆ ಬಿತ್ತೋ, ಕೆಲವೇ ದಿನಗಳಲ್ಲಿ ಅಲ್ಲಿ ಅದರದ್ದೇ ಕಾರುಬಾರು.

ಹಾಗಾದರೆ ಮನುಷ್ಯರಿಗೆ ಉಳಿಯುವ ಕೆಲಸ, ಅವುಗಳಿಗೆ ಏನು ಕಡಿಮೆಯಾಗಿದೆಯೋ ಅದನ್ನು, ಮುಖ್ಯವಾಗಿ ಗೊಬ್ಬರವನ್ನು, ಒದಗಿಸುವುದು.

ಮೊದಲು ಬಾಚಿ ತೆಗೆಯಿರಿ

ಬ್ಯಾಕ್ಟೀರಿಯಾ ಕೆಲಸ ಮಾಡುವುದು ಎಣ್ಣೆ ಮತ್ತು ನೀರು ತಾಗುವ ಕಡೆ ಮಾತ್ರ. ದಪ್ಪ ಪದರವಾಗಿದ್ದರೆ ಒಳಗಿನ ಎಣ್ಣೆ ಹಾಗೇ ಉಳಿಯುತ್ತದೆ. ಅಲೆಯ ಹೊಡೆತಕ್ಕೆ ನೀರು ಸೇರಿ ಕಂದು ಬಣ್ಣದ ಮುದ್ದೆಯಾದರಂತೂ ಇನ್ನೂ ಕಷ್ಟ. ಆದ್ದರಿಂದ ಎಣ್ಣೆ ಹರಡದಂತೆ ತಡೆಯುವ ತೇಲುವ ಬೇಲಿ (ಬೂಮ್) ಕಟ್ಟಿ, ನೀರ ಮೇಲಿನ ಎಣ್ಣೆ ತೆಗೆಯುವ ಯಂತ್ರದಿಂದ (ಸ್ಕಿಮ್ಮರ್) ಹೀರಿ, ತೀರಕ್ಕೆ ಬಂದದ್ದನ್ನು ಸಲಿಕೆಯಲ್ಲಿ ಎತ್ತಿ, ಆಮೇಲೆ ಉಳಿದ ತೆಳು ಪದರವನ್ನಷ್ಟೇ ಬ್ಯಾಕ್ಟೀರಿಯಾಗೆ ಬಿಡಬೇಕು. ನಡುಗಡಲಿನಲ್ಲಿ ಗೊಬ್ಬರ ಹಾಕಿದರೆ ಅದು ನೀರಲ್ಲಿ ಕರಗಿ ಚದುರಿಹೋಗುತ್ತದೆ. ಇದು ತೀರದಲ್ಲಿ ಮಾಡುವ ಕೆಲಸ.

ಯಾವ ಎಣ್ಣೆ ಅಂತ ತಿಳಿಯಿರಿ

ಪೆಟ್ರೋಲಿನಂತಹ ಹಗುರ ಎಣ್ಣೆ ಹೆಚ್ಚಿನಂಶ ಆವಿಯಾಗಿಯೇ ಹೋಗುತ್ತದೆ. ಕಚ್ಚಾ ತೈಲದಲ್ಲಿ ಇಂಗಾಲದ ನೇರ ಸರಪಳಿಯಿರುವ ಆಲ್ಕೇನ್ ಎಂಬ ಅಂಶಗಳು ಮೊದಲು ಕರಗುತ್ತವೆ, ಅಂದರೆ ಬ್ಯಾಕ್ಟೀರಿಯಾ ಅವನ್ನು ಮೊದಲು ತಿಂದು ಮುಗಿಸುತ್ತವೆ. ಉಂಗುರ ರಚನೆಯ ವಿಷಕಾರಿ ಅಂಶಗಳಿಗೆ ಸೈಕ್ಲೋಕ್ಲಾಸ್ಟಿಕಸ್‌ನಂತಹ ಬೇರೆ ಬ್ಯಾಕ್ಟೀರಿಯಾ ಬೇಕು, ಸಮಯವೂ ಜಾಸ್ತಿ ಬೇಕು. ಡಾಂಬರಿನಂತಹ ಭಾರದ ಅಂಶವನ್ನು ಮುಟ್ಟುವವರೇ ಇಲ್ಲ ಅನ್ನಬಹುದು. ಹಡಗಿನ ಭಾರ ಇಂಧನ ಸುರಿದಿದ್ದರೆ ಈ ವಿಧಾನದಿಂದ ಜಾಸ್ತಿ ನಿರೀಕ್ಷೆ ಬೇಡ.

ಗೊಬ್ಬರ ಬೇಕೇ ಅಂತ ಅಳೆಯಿರಿ

ಜನ ಜಾರುವುದು ಈ ಹಂತದಲ್ಲಿ. ಎಣ್ಣೆಯಲ್ಲಿ ಇಂಗಾಲ ಧಾರಾಳ, ಆದರೆ ಜೀವಕೋಶ ಕಟ್ಟಲು ಬೇಕಾದ ಸಾರಜನಕ ಮತ್ತು ರಂಜಕ ಇಲ್ಲವೆನ್ನುವಷ್ಟು ಕಡಿಮೆ. ಲೆಕ್ಕದ ಪ್ರಕಾರ 1 ಗ್ರಾಂ ಎಣ್ಣೆಗೆ ಸುಮಾರು 150 ಮಿಲಿಗ್ರಾಂ ಸಾರಜನಕ, 30 ಮಿಲಿಗ್ರಾಂ ರಂಜಕ ಬೇಕು. ಇದು ಅಲ್ಲಿ ಮೊದಲೇ ಸಾಕಷ್ಟಿದ್ದರೆ ಗೊಬ್ಬರ ಹಾಕುವುದು ದಂಡ.

ಆದ್ದರಿಂದ ಮರಳಿನಲ್ಲಿ ಗುಂಡಿ ತೆಗೆದು, ಒಳಗೆ ಜಿನುಗಿದ ನೀರನ್ನು ಪರೀಕ್ಷಿಸಬೇಕು. ಕಡಲ ನೀರನ್ನು ತಂದು ಪರೀಕ್ಷಿಸಿದರೆ ಸಾಲದು. ಎಣ್ಣೆ ಅಂಟಿಕೊಂಡಿರುವುದು ಮರಳಿನ ಕಣಗಳ ನಡುವೆ. ಅಲ್ಲಿನ ನೀರಿನಲ್ಲಿ ಲೀಟರಿಗೆ 2ರಿಂದ 10 ಮಿಲಿಗ್ರಾಂ ಸಾರಜನಕ ಇರುವಂತೆ ನೋಡಿಕೊಳ್ಳುವುದು ಗುರಿ.

1994ರಲ್ಲಿ ಅಮೆರಿಕದ ಡೆಲವೇರ್ ಕೊಲ್ಲಿಯಲ್ಲಿ ಬೇಕೆಂದೇ ಸ್ವಲ್ಪ ಎಣ್ಣೆ ಸುರಿದು ಇದನ್ನು ಪರೀಕ್ಷಿಸಿದರು. ಕೆಲವು ತುಂಡು ಜಾಗಕ್ಕೆ ಏನೂ ಹಾಕಲಿಲ್ಲ, ಕೆಲವಕ್ಕೆ ಗೊಬ್ಬರ, ಕೆಲವಕ್ಕೆ ಗೊಬ್ಬರದ ಜೊತೆ ಬ್ಯಾಕ್ಟೀರಿಯಾ. ಗೊಬ್ಬರದಿಂದ ವೇಗ ಹೆಚ್ಚಿತು. ಆದರೆ ಅಲ್ಲಿ ಸಾರಜನಕ ಮೊದಲೇ ಚೆನ್ನಾಗಿತ್ತು, ಏನೂ ಹಾಕದ ಜಾಗದಲ್ಲೂ ಎಣ್ಣೆ ಬೇಗ ಕರಗಿತು. ಹೊರಗಿನಿಂದ ತಂದ ಬ್ಯಾಕ್ಟೀರಿಯಾದಿಂದ ಹೆಚ್ಚುವರಿ ಲಾಭ ಕಾಣಲಿಲ್ಲ. ಪೊಟ್ಟಣದಲ್ಲಿ ಮಾರುವ ಬ್ಯಾಕ್ಟೀರಿಯಾ ಪುಡಿಗೆ ತೆರೆದ ತೀರದಲ್ಲಿ ದುಡ್ಡು ಹಾಕುವ ಮೊದಲು ಎರಡು ಸಲ ಯೋಚಿಸಬೇಕು ಅನ್ನುವುದು ಅದಕ್ಕೇ. ಭಾರತ ಮೂಲದ ವಿಜ್ಞಾನಿ ಆನಂದ ಮೋಹನ ಚಕ್ರವರ್ತಿ ಪ್ರಯೋಗಾಲಯದಲ್ಲಿ ರೂಪಿಸಿದ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗೆ ಪೇಟೆಂಟ್ ಸಿಗಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1980ರಲ್ಲಿ 5–4ರ ಬಹುಮತದಿಂದ ಹೇಳಿತು. ಕಾನೂನಿನ ಚರಿತ್ರೆಯಲ್ಲಿ ಅದು ದೊಡ್ಡ ಘಟನೆ. ಕಡಲು ಶುಚಿ ಮಾಡಲು ಮಾತ್ರ ಆ ಬ್ಯಾಕ್ಟೀರಿಯಾವನ್ನು ಬಳಸಲೇ ಇಲ್ಲ.

ಗೊಬ್ಬರ ಆರಿಸಿ, ಹಾಕಿ

ನೀರಲ್ಲಿ ಕರಗುವ ಗೊಬ್ಬರ ಅಗ್ಗ, ಆದರೆ ಒಂದೆರಡು ಉಬ್ಬರಕ್ಕೆ ತೊಳೆದು ಹೋಗುತ್ತದೆ. ಅಲೆ ಶಾಂತವಾಗಿರುವ ತೀರಕ್ಕೆ ಅದು ಸಾಕು. ಉಳಿದ ಕಡೆ ನಿಧಾನವಾಗಿ ಕರಗುವ ಹರಳು ಗೊಬ್ಬರ, ಇಲ್ಲವೇ ಎಣ್ಣೆಗೇ ಅಂಟಿಕೊಳ್ಳುವ ದ್ರವ ಗೊಬ್ಬರ. 1989ರ ಮಾರ್ಚ್ 24ರಂದು ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಬಂಡೆಗೆ ತಾಗಿ ಸುಮಾರು 4 ಕೋಟಿ ಲೀಟರ್ ಎಣ್ಣೆ ಚೆಲ್ಲಿದಾಗ ಈ ಎರಡನ್ನೂ ಬಳಸಿದರು. ಹರಳಿನದು ಕಸ್ಟಮ್‌ಬ್ಲೆನ್, ದ್ರವದ್ದು ಇನಿಪಾಲ್. ನೂರು ಕಿಲೋಮೀಟರಿಗೂ ಹೆಚ್ಚು ತೀರಕ್ಕೆ ಹಾಕಿದರು. ಎಣ್ಣೆಯ ಪ್ರಮಾಣಕ್ಕೆ ತಕ್ಕಷ್ಟು ಸಾರಜನಕ ಸಿಕ್ಕ ಕಡೆ ಕರಗುವಿಕೆ ಜೋರಾಗಿತ್ತು.

ಹಾಕುವುದು ಇಳಿತದ ಹೊತ್ತಿನಲ್ಲಿ. ಒಂದೇ ಸಲಕ್ಕೆ ರಾಶಿ ಸುರಿಯಬೇಡಿ. ಅಮೋನಿಯಾ ಹೆಚ್ಚಾದರೆ ಚಿಪ್ಪುಜೀವಿಗಳಿಗೆ ವಿಷ, ಪಾಚಿಯೂ ಹಬ್ಬುತ್ತದೆ. ಸ್ವಲ್ಪ ಹಾಕಿ, ಗುಂಡಿಯ ನೀರನ್ನು ಮತ್ತೆ ಅಳೆದು, ಕಡಿಮೆಯಾದಾಗ ಮತ್ತೆ ಹಾಕಿ. ಇನಿಪಾಲ್‌ನಲ್ಲಿ 2-ಬ್ಯುಟಾಕ್ಸಿಎಥನಾಲ್ ಎಂಬ ಹಾನಿಕರ ದ್ರಾವಕವಿತ್ತು. ಅಂಥದ್ದನ್ನು ಸಿಂಪಡಿಸುವವರಿಗೆ ಕೈಗವಸು, ಮುಖವಾಡ ಕಡ್ಡಾಯ.

ಗಾಳಿ ಆಡಲಿ

1 ಕಿಲೋ ಎಣ್ಣೆ ಪೂರ್ತಿ ಕರಗಲು 3 ಕಿಲೋಗೂ ಹೆಚ್ಚು ಆಮ್ಲಜನಕ ಬೇಕು. ಮೇಲಿನ ಮರಳಿಗೆ ಅಲೆಯೇ ಅದನ್ನು ಒದಗಿಸುತ್ತದೆ, ಕೆಳಗೆ ಹೂತ ಎಣ್ಣೆಗೆ ಸಿಗುವುದಿಲ್ಲ. ಅಲಾಸ್ಕಾದ ಕೆಲವು ತೀರಗಳಲ್ಲಿ ಕಲ್ಲುಗಳಡಿ ಸಿಕ್ಕಿಕೊಂಡ ಎಣ್ಣೆ ದಶಕಗಳ ನಂತರವೂ ಉಳಿದಿದ್ದಕ್ಕೆ ಇದೊಂದು ಕಾರಣ. ಮರಳು ತೀರವಾದರೆ ಮೇಲ್ಪದರವನ್ನು ಕೆದಕಿ ತಿರುವಿ ಹಾಕಬಹುದು. ಜೌಗು ಪ್ರದೇಶದಲ್ಲಿ ಮಾತ್ರ ಕಾಲಿಡದಿರುವುದೇ ಮೇಲು. ತುಳಿದರೆ ಎಣ್ಣೆ ಕೆಸರಿನ ಆಳಕ್ಕಿಳಿಯುತ್ತದೆ, ಗಿಡದ ಬೇರೂ ಸಾಯುತ್ತದೆ.

ಚಳಿಯಲ್ಲಿ ಕೆಲಸ ನಿಧಾನ, ಆದರೆ ನಿಲ್ಲುವುದಿಲ್ಲ. 2010ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ತೈಲಬಾವಿ ಕೊರೆಯುವ ಅಟ್ಟಣೆಯ ಅಪಘಾತದಿಂದಾದ ಸೋರಿಕೆಯಲ್ಲಿ ಸುಮಾರು 1,100 ಮೀಟರ್ ಆಳದ, ಸುಮಾರು 5 ಡಿಗ್ರಿ ತಣ್ಣನೆಯ ನೀರಿನಲ್ಲೂ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಬೆಳೆದಿದ್ದವು.

ನಿಜವಾಗಿ ಕರಗಿತೇ?

ತೀರ ಬೆಳ್ಳಗೆ ಕಂಡರೆ ಸಾಲದು. ಅಲೆ ಕೊಚ್ಚಿಕೊಂಡು ಹೋಗಿರಬಹುದು. ಇದಕ್ಕೆ ಹೋಪೇನ್ ಎಂಬ ಅಂಶವನ್ನು ನೋಡುತ್ತಾರೆ. ಎಣ್ಣೆಯಲ್ಲೇ ಇರುವ ಇದನ್ನು ಬ್ಯಾಕ್ಟೀರಿಯಾ ಸುಲಭಕ್ಕೆ ತಿನ್ನುವುದಿಲ್ಲ. ಅಲೆ ಕೊಚ್ಚಿದ್ದರೆ ಹೋಪೇನ್ ಕೂಡ ಉಳಿದ ಅಂಶಗಳ ಜೊತೆ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಹೋಪೇನ್‌ಗೆ ಹೋಲಿಸಿದಾಗ ಆಲ್ಕೇನ್ ಇಳಿದಿದ್ದರೆ ತಿಂದದ್ದು ಬ್ಯಾಕ್ಟೀರಿಯಾ.

ಜೊತೆಗೆ ಒಂದು ತುಂಡು ತೀರವನ್ನು ಗೊಬ್ಬರ ಹಾಕದೆ ಮೊದಲಿನಿಂದಲೂ ಸುಮ್ನೆ ಬಿಟ್ಟಿರಬೇಕು. ಊರವರು ಬೈಯಬಹುದು, ಅಧಿಕಾರಿಗಳಿಗೂ ಇಷ್ಟವಾಗದಿರಬಹುದು. ಆದರೆ ಹೋಲಿಸಿ ನೋಡಲು ಬೇರೆ ದಾರಿಯಿಲ್ಲ. ಎರಡೂ ಕಡೆ ಎಣ್ಣೆ ಒಂದೇ ವೇಗದಲ್ಲಿ ಇಳಿಯತೊಡಗಿದರೆ ಗೊಬ್ಬರದ ಕೆಲಸ ಮುಗಿದಿದೆ, ಹಾಕುವುದನ್ನು ನಿಲ್ಲಿಸಿ.